ಒಂದು ಫೈಲ್ ತಡವಾದರೆ ಪುಟಕ್ಕೆ ಏನಾಗುತ್ತದೆ: ಬೇಕೆಂದೇ ತಡಮಾಡಿ ಪರೀಕ್ಷಿಸುವ ವಿಧಾನ

ಬ್ಯಾಡಗಿಯ ಒಬ್ಬ ಮೆಣಸಿನಕಾಯಿ ಅಡತಿ ವ್ಯಾಪಾರಿಗಾಗಿ ಹುಬ್ಬಳ್ಳಿಯ ವಿದ್ಯಾನಗರದ ನನ್ನ ಕೋಣೆಯಲ್ಲಿ ಕುಳಿತು ಸಣ್ಣದೊಂದು ಪುಟ ಕಟ್ಟಿಕೊಟ್ಟಿದ್ದೆ. ಮೇಲೆ ಡಬ್ಬಿ ಮೆಣಸಿನಕಾಯಿಯ ದೊಡ್ಡ ಚಿತ್ರ, ಅದರ ಕೆಳಗೆ ಆ ದಿನದ ದರಪಟ್ಟಿ, ಡಬ್ಬಿ ಮತ್ತು ಕಡ್ಡಿ ತಳಿಗಳ ದರವನ್ನು ಬೇರೆ ಮಾಡಿ ತೋರಿಸಲು ಎರಡು ಗುಂಡಿ, ಕೊನೆಗೆ ಅಂಗಡಿಗೆ ಬರುವ ದಾರಿಯ ನಕ್ಷೆ ಮತ್ತು ಮೂಲೆಯಲ್ಲೊಂದು ಚಾಟ್ ಪೆಟ್ಟಿಗೆ, ಇಷ್ಟೇ. ನನ್ನ ಲ್ಯಾಪ್‌ಟಾಪ್‌ನಲ್ಲಿ ಅದು ಒತ್ತಿದ ತಕ್ಷಣ ತೆರೆದುಕೊಳ್ಳುತ್ತಿತ್ತು. ಟೆಂಡರ್ ನಡೆಯುತ್ತಿದ್ದ ಹೊತ್ತಿನಲ್ಲಿ ಮಾರುಕಟ್ಟೆಯ ಪ್ರಾಂಗಣದಿಂದ ಅವರ ಕರೆ ಬಂತು: “ಬರೇ ಬೆಳ್ಳಗ ಕಾಣತೈತ್ರಿ, ರೇಟ್ ಎಲ್ಲಿ ಅದಾವ?”

ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಕ್ರೋಮ್ ಬ್ರೌಸರಿನಲ್ಲೇ ಇರುವ ಡೆವ್‌ಟೂಲ್ಸ್ ಎಂಬ ಪರೀಕ್ಷಾ ಸಲಕರಣೆ ತೆರೆದು ಇಡೀ ಸಂಪರ್ಕವನ್ನು 3ಜಿ ವೇಗಕ್ಕೆ ಇಳಿಸಿ ನೋಡಿದೆ. ಪುಟ ನಿಧಾನವಾಯಿತು. ಅದು ನನಗೆ ಮೊದಲೇ ಗೊತ್ತಿತ್ತು. ಎಲ್ಲ ಫೈಲ್‌ಗಳನ್ನೂ ಒಟ್ಟಿಗೆ ನಿಧಾನಗೊಳಿಸಿದರೆ ಪುಟ ನಿಧಾನವಾಗಿದೆ ಎಂಬುದಷ್ಟೇ ತಿಳಿಯುತ್ತದೆಯೇ ಹೊರತು, ಯಾವುದಕ್ಕಾಗಿ ಯಾವುದು ಕಾಯುತ್ತಿದೆ ಎಂಬುದು ತಿಳಿಯುವುದಿಲ್ಲ. ಅದನ್ನು ತಿಳಿಯಬೇಕಾದರೆ ಒಂದೊಂದೇ ಫೈಲನ್ನು ಬೇಕೆಂದೇ ತಡಮಾಡಿ, ಉಳಿದವನ್ನು ಮುಟ್ಟದೆ ಬಿಟ್ಟು, ಪುಟ ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡಬೇಕು. ನಮ್ಮ ಕಡೆಯ ಖಾನಾವಳಿಗಳಲ್ಲಿ ರೊಟ್ಟಿ ತಡವಾದರೆ ತಾಟಿನ ಮುಂದೆ ಕುಳಿತವನು ಕೈಕಟ್ಟಿ ಕಾಯುತ್ತಾನೆ. ಗುರೆಳ್ಳು ಚಟ್ನಿ ತಡವಾದರೆ ಊಟ ನಿಲ್ಲುವುದಿಲ್ಲ. ಪುಟದಲ್ಲಿ ರೊಟ್ಟಿ ಯಾವುದು, ಚಟ್ನಿ ಯಾವುದು ಎಂದು ಕಂಡುಹಿಡಿಯುವುದೇ ಈ ಪರೀಕ್ಷೆಯ ಕೆಲಸ.

ತಡಮಾಡುವ ಮುನ್ನ

ಮೊದಲು ತಡವಿಲ್ಲದ ಸ್ಥಿತಿಯ ಅಳತೆ ಕೈಯಲ್ಲಿರಬೇಕು. ಬ್ರೌಸರಿನ ಇನ್‌ಕಾಗ್ನಿಟೊ ಕಿಟಕಿಯಲ್ಲಿಯೇ ಪರೀಕ್ಷಿಸಿ, ಏಕೆಂದರೆ ಜಾಹೀರಾತು ತಡೆಯುವಂಥ ಎಕ್ಸ್‌ಟೆನ್ಷನ್‌ಗಳು ಪುಟದೊಳಗೆ ತಮ್ಮದೇ ಸ್ಕ್ರಿಪ್ಟ್, ಅಂದರೆ ಪುಟಕ್ಕೆ ಕೆಲಸ ಹೇಳುವ ಕೋಡ್, ತೂರಿಸಿ ಲೆಕ್ಕ ಕೆಡಿಸುತ್ತವೆ. ನೆಟ್‌ವರ್ಕ್ ಫಲಕದಲ್ಲಿ ‘ಡಿಸೇಬಲ್ ಕ್ಯಾಶ್’ ಎಂಬುದಕ್ಕೆ ಗುರುತು ಹಾಕಿ. ಅದು ಡೆವ್‌ಟೂಲ್ಸ್ ತೆರೆದಿರುವಷ್ಟು ಹೊತ್ತು ಮಾತ್ರ ಕೆಲಸ ಮಾಡುತ್ತದೆ ಎಂಬುದನ್ನು ಮರೆತು ಫಲಕ ಮುಚ್ಚಿದರೆ, ಎರಡನೆಯ ಸಲ ಪುಟ ತೆರೆದಾಗ ಫೈಲ್‌ಗಳು ಕ್ಯಾಶ್‌ನಿಂದ, ಅಂದರೆ ಬ್ರೌಸರ್ ಹಿಂದೆ ಇಳಿಸಿ ಕೂಡಿಟ್ಟ ಪ್ರತಿಗಳಿಂದಲೇ ಬಂದು ಎಲ್ಲವೂ ಸರಿಯಾಗಿದೆ ಎಂಬ ಭ್ರಮೆ ಹುಟ್ಟುತ್ತದೆ. ಪ್ರತಿ ಸ್ಥಿತಿಯಲ್ಲಿ ಐದು ಸಲ ಅಳೆದು, ಸರಾಸರಿಯನ್ನಲ್ಲ, ನಡುವಿನ ಬೆಲೆಯನ್ನು ಬರೆದುಕೊಳ್ಳಿ. ಐದರಲ್ಲಿ ಒಂದು ಓಟ ಏನೋ ಕಾರಣಕ್ಕೆ ಎಡವಿದರೂ ನಡುವಿನ ಬೆಲೆ ಅಲುಗುವುದಿಲ್ಲ.

ಅಳೆಯಬೇಕಾದದ್ದು ನಾಲ್ಕು. ಪರದೆಯ ಮೇಲೆ ಮೊದಲ ಅಕ್ಷರವೋ ಚಿತ್ರವೋ ಮೂಡುವ ಕ್ಷಣಕ್ಕೆ ಎಫ್‌ಸಿಪಿ ಎಂದೂ, ಕಣ್ಣೆದುರಿನ ಅತಿ ದೊಡ್ಡ ಭಾಗ ಮೂಡುವ ಕ್ಷಣಕ್ಕೆ ಎಲ್‌ಸಿಪಿ ಎಂದೂ, ಓದುತ್ತಿರುವಾಗ ಸಾಲುಗಳು ಜಾರುವ ಪ್ರಮಾಣಕ್ಕೆ ಸಿಎಲ್‌ಎಸ್ ಎಂದೂ, ಒತ್ತಿದ ಗುಂಡಿಗೆ ಪುಟ ಸ್ಪಂದಿಸಲು ತೆಗೆದುಕೊಳ್ಳುವ ಸಮಯಕ್ಕೆ ಐಎನ್‌ಪಿ ಎಂದೂ ಹೆಸರು. ಕೊನೆಯದು 2024ರ ಮಾರ್ಚ್‌ನಲ್ಲಿ ಎಫ್‌ಐಡಿ ಎಂಬ ಹಳೆಯ ಅಳತೆಯ ಜಾಗಕ್ಕೆ ಬಂತು. ಗೂಗಲ್ ಒಳ್ಳೆಯದೆಂದು ಒಪ್ಪುವ ಮಿತಿಗಳು ಎಲ್‌ಸಿಪಿಗೆ 2.5 ಸೆಕೆಂಡು, ಸಿಎಲ್‌ಎಸ್‌ಗೆ 0.1, ಐಎನ್‌ಪಿಗೆ 200 ಮಿಲಿಸೆಕೆಂಡು. ಅದೂ ನೂರು ಭೇಟಿಗಳಲ್ಲಿ 75 ಭೇಟಿಗಳಾದರೂ ಆ ಮಿತಿಯೊಳಗಿರಬೇಕು. ಡೆವ್‌ಟೂಲ್ಸ್‌ನ ಪರ್ಫಾರ್ಮೆನ್ಸ್ ಫಲಕ ಎಲ್ಲವನ್ನೂ ತೋರಿಸುತ್ತದೆ. ಅಂಕಿಗಳ ಜೊತೆಗೆ ಕಣ್ಣಿಗೆ ಕಂಡದ್ದನ್ನೂ ಒಂದು ಸಾಲಿನಲ್ಲಿ ಬರೆದಿಡಿ, ಏಕೆಂದರೆ ಮುಂದೆ ನೋಡಲಿರುವಂತೆ ಕೆಲವು ಕೆಡುಕುಗಳು ಯಾವ ಅಂಕಿಯಲ್ಲೂ ಸಿಕ್ಕಿಬೀಳುವುದಿಲ್ಲ.

ತಡಮಾಡುವ ಸರ್ವರ್

ಒಂದೇ ಫೈಲನ್ನು ತಡಮಾಡಲು ಸುಲಭದ ಒಂದು ದಾರಿ ನಿಮ್ಮದೇ ಯಂತ್ರದಲ್ಲಿ ಓಡುವ ಪುಟ್ಟ ಸರ್ವರ್. ಪೈಥಾನ್‌ನೊಂದಿಗೆ ಬರುವ ಎಚ್‌ಟಿಟಿಪಿ ಸರ್ವರ್‌ಗೆ ಹತ್ತು ಹನ್ನೆರಡು ಸಾಲು ಸೇರಿಸಿದರೆ ಸಾಕು. ವಿಳಾಸದ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ‘ಡಿಲೇ’ ಎಂಬ ಹೆಸರಿಗೆ 3000 ಎಂಬ ಬೆಲೆ ಕೊಟ್ಟರೆ, ಸರ್ವರ್ ಆ ಸಂಖ್ಯೆಯನ್ನು ಓದಿ ಅಷ್ಟು ಮಿಲಿಸೆಕೆಂಡು ಸುಮ್ಮನಿದ್ದು, ನಂತರ ಫೈಲನ್ನು ಎಂದಿನಂತೆ ಕಳುಹಿಸಬೇಕು. ಪೈಥಾನ್‌ನ ‘ಸ್ಲೀಪ್’ ಸೆಕೆಂಡುಗಳ ಲೆಕ್ಕದಲ್ಲಿ ನಿದ್ರಿಸುವುದರಿಂದ ಸಂಖ್ಯೆಯನ್ನು 1000ದಿಂದ ಭಾಗಿಸುವುದನ್ನು ಮರೆಯಬೇಡಿ. ಮರೆತರೆ ಪುಟದ ಬಣ್ಣ, ಅಳತೆ, ಜೋಡಣೆಗಳನ್ನು ಹೇಳುವ ನಿಮ್ಮ ಸ್ಟೈಲ್‌ಶೀಟ್ 50 ನಿಮಿಷದ ನಂತರ ಬರುತ್ತದೆ.

ಇಲ್ಲಿ ಎರಡು ಹಳ್ಳಗಳಿವೆ, ಎರಡರಲ್ಲೂ ನಾನು ಬಿದ್ದಿದ್ದೇನೆ. ಪೈಥಾನ್‌ನ ಸರಳ ಸರ್ವರ್ ಒಂದು ಸಲಕ್ಕೆ ಒಂದೇ ಬೇಡಿಕೆಯನ್ನು ಪೂರೈಸುತ್ತದೆ, ಆದ್ದರಿಂದ ಒಂದು ಫೈಲ್‌ಗಾಗಿ ಅದು ನಿದ್ರಿಸುತ್ತಿರುವಾಗ ಉಳಿದ ಫೈಲ್‌ಗಳೂ ಬಾಗಿಲಲ್ಲಿ ನಿಂತಿರುತ್ತವೆ ಮತ್ತು ಪರೀಕ್ಷೆಯ ಉದ್ದೇಶವೇ ಹಾಳಾಗುತ್ತದೆ. 3.7ನೇ ಆವೃತ್ತಿಯಿಂದ ಪೈಥಾನ್‌ನಲ್ಲಿ ಲಭ್ಯವಿರುವ ‘ಥ್ರೆಡಿಂಗ್ ಎಚ್‌ಟಿಟಿಪಿ ಸರ್ವರ್’ ಎಂಬುದನ್ನೇ ಬಳಸಿ. ಎರಡನೆಯದು ಸಂಪರ್ಕಗಳ ಮಿತಿ: ಹಳೆಯ ಎಚ್‌ಟಿಟಿಪಿ 1ರ ಪದ್ಧತಿಯಲ್ಲಿ ಕ್ರೋಮ್ ಒಂದು ಸರ್ವರ್‌ಗೆ ಏಕಕಾಲಕ್ಕೆ ಆರೇ ಸಂಪರ್ಕಗಳನ್ನು ತೆರೆಯುತ್ತದೆ. ತಡವಾಗುತ್ತಿರುವ ಫೈಲ್ ಅವುಗಳಲ್ಲೊಂದನ್ನು ಹಿಡಿದುಕೊಂಡು ಕುಳಿತರೆ, ಪುಟದಲ್ಲಿ ಇಪ್ಪತ್ತು ಚಿತ್ರಗಳಿದ್ದಾಗ ಅವಕ್ಕೂ ಅದರ ಬಿಸಿ ತಟ್ಟುತ್ತದೆ. ನಿಜವಾದ ಹೋಸ್ಟಿಂಗ್‌ನಲ್ಲಿ ಎಚ್‌ಟಿಟಿಪಿ 2 ಇದ್ದರೆ ಒಂದೇ ಸಂಪರ್ಕದಲ್ಲಿ ಎಲ್ಲವೂ ಹರಿಯುವುದರಿಂದ ಈ ತೊಡಕು ಇರುವುದಿಲ್ಲ. ಪ್ರತಿ ಫೈಲ್ ಯಾವಾಗ ಬಂತೆಂದು ನೆಟ್‌ವರ್ಕ್ ಫಲಕದಲ್ಲಿ ಪಟ್ಟಿಗಳಾಗಿ ತೋರಿಸುವ ವಾಟರ್‌ಫಾಲ್‌ನಲ್ಲಿ ಯಾವುದಾದರೂ ಸಾಲಿನ ಆರಂಭದಲ್ಲಿ ‘ಸ್ಟಾಲ್ಡ್’ ಎಂಬ ಬೂದು ಪಟ್ಟಿ ಉದ್ದವಾಗಿ ಕಂಡರೆ ನೀವು ಅಳೆಯುತ್ತಿರುವುದು ಫೈಲಿನ ತಡವನ್ನಲ್ಲ, ಸಂಪರ್ಕಕ್ಕಾಗಿ ಹಚ್ಚಿದ ಪಾಳಿಯನ್ನು.

ತಡವೂ ಎರಡು ಬಗೆಯದು. ಮೊದಲ ಬೈಟ್ ಬರುವುದೇ ತಡವಾಗಿ, ಬಂದ ಮೇಲೆ ಎಲ್ಲವೂ ಒಮ್ಮೆಲೇ ಬರುವುದು ಒಂದು. ಬೇಗನೆ ಆರಂಭವಾಗಿ ತೊಟ್ಟಿಕ್ಕುವ ನಲ್ಲಿಯಂತೆ ಹನಿಹನಿಯಾಗಿ ಬರುವುದು ಇನ್ನೊಂದು. ಮೊದಲನೆಯದನ್ನು ಮೇಲಿನ ನಿದ್ರೆಯೇ ಮಾಡುತ್ತದೆ. ಎರಡನೆಯದಕ್ಕೆ ಫೈಲನ್ನು ಒಂದೊಂದು ಕಿಲೋಬೈಟಿನ ತುಂಡುಗಳಾಗಿ ಕಳುಹಿಸಿ, ತುಂಡುಗಳ ನಡುವೆ ಸ್ವಲ್ಪ ನಿದ್ರೆ ಹಾಕಬೇಕು. ಸ್ಟೈಲ್‌ಶೀಟ್‌ಗೆ ಈ ಎರಡರ ನಡುವೆ ಭೇದವಿಲ್ಲ, ಅದು ಪೂರ್ತಿ ಬಂದ ಹೊರತು ಬ್ರೌಸರ್ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಚಿತ್ರಕ್ಕೆ ಭೇದವಿದೆ: ಸಾಮಾನ್ಯ ಜೆಪೆಗ್ ಮೇಲಿನಿಂದ ಕೆಳಕ್ಕೆ ಪರದೆ ಇಳಿದಂತೆ ಮೂಡುತ್ತದೆ, ಪ್ರೊಗ್ರೆಸಿವ್ ಜೆಪೆಗ್ ಮೊದಲು ಮಸುಕಾಗಿ ಪೂರ್ತಿ ಕಂಡು ನಂತರ ತಿಳಿಯಾಗುತ್ತದೆ. ಎಲ್‌ಸಿಪಿಯ ಅಂಕಿ ಎರಡಕ್ಕೂ ಒಂದೇ ಆಗಬಹುದು, ನೋಡುವವರ ಅನುಭವ ಒಂದೇ ಅಲ್ಲ.

ಒಂದೊಂದನ್ನೇ ಹಿಡಿದು

ಸ್ಟೈಲ್‌ಶೀಟ್‌ನಿಂದ ಆರಂಭಿಸಿ, ಏಕೆಂದರೆ ಅದರ ಪರಿಣಾಮ ಅತ್ಯಂತ ಕಟುವಾದದ್ದು. ಪುಟದ ಕೋಡ್‌ನ ತಲೆಭಾಗದಲ್ಲಿ (ಹೆಡ್) ಇರುವ ಸ್ಟೈಲ್‌ಶೀಟ್‌ಗೆ 3 ಸೆಕೆಂಡಿನ ತಡ ಹಾಕಿ ಪುಟ ತೆರೆದರೆ, ದರಪಟ್ಟಿಯ ಪ್ರತಿಯೊಂದು ಅಂಕಿಯೂ ಬ್ರೌಸರಿನ ಕೈ ಸೇರಿದ್ದರೂ 3 ಸೆಕೆಂಡು ಬಿಳಿ ಪರದೆಯೇ ಕಾಣುತ್ತದೆ. ಅಲಂಕಾರವಿಲ್ಲದ ಪುಟವನ್ನು ತೋರಿಸಿ ಆಮೇಲೆ ಬದಲಿಸುವುದಕ್ಕಿಂತ ತೋರಿಸದಿರುವುದೇ ಲೇಸು ಎಂದು ಬ್ರೌಸರ್ ನಿರ್ಧರಿಸುತ್ತದೆ. ಈ ಹೊತ್ತಿನಲ್ಲಿ ವಾಟರ್‌ಫಾಲ್ ನೋಡಿದರೆ ಚಿತ್ರಗಳು, ಸ್ಕ್ರಿಪ್ಟ್‌ಗಳು ಇಳಿಯುತ್ತಲೇ ಇರುವುದು ಕಾಣುತ್ತದೆ. ಬ್ರೌಸರಿನ ಮುಂಗಣ್ಣು ಎನ್ನಬಹುದಾದ ಪ್ರೀಲೋಡ್ ಸ್ಕ್ಯಾನರ್ ಪುಟದ ಪಠ್ಯವನ್ನು ಮುಂದಾಗಿ ಓದಿ ಅವುಗಳನ್ನು ತರಿಸಿಕೊಳ್ಳುತ್ತಿರುತ್ತದೆ. ತರಿಸುವುದು ನಿಂತಿಲ್ಲ, ಬಡಿಸುವುದು ನಿಂತಿದೆ. ಆದರೆ ಸ್ಟೈಲ್‌ಶೀಟ್‌ನೊಳಗೆ ಹಿನ್ನೆಲೆ ಚಿತ್ರವಾಗಿ ಬರೆದದ್ದು ಅಥವಾ ಇನ್ನೊಂದು ಸ್ಟೈಲ್‌ಶೀಟನ್ನು ‘ಇಂಪೋರ್ಟ್’ ಮಾಡಿದ್ದು ಈ ಮುಂಗಣ್ಣಿಗೆ ಬೀಳುವುದಿಲ್ಲ, ಆದ್ದರಿಂದ ಅವುಗಳ ತಡ ಮೊದಲಿನ ತಡಕ್ಕೆ ಕೂಡಿಕೊಳ್ಳುತ್ತದೆ.

ಸ್ಕ್ರಿಪ್ಟ್‌ಗಳ ವಿಷಯದಲ್ಲಿ ಅದನ್ನು ಎಲ್ಲಿ ಬರೆದಿದ್ದೀರಿ, ಹೇಗೆ ಬರೆದಿದ್ದೀರಿ ಎಂಬುದೇ ಮುಖ್ಯ. ತಲೆಭಾಗದಲ್ಲಿ ಯಾವ ವಿಶೇಷಣವೂ ಇಲ್ಲದೆ ಬರೆದ ಸ್ಕ್ರಿಪ್ಟ್ ತಡವಾದರೆ ಬ್ರೌಸರ್ ಪುಟವನ್ನು ಅಲ್ಲಿಯೇ ಓದುವುದನ್ನು ನಿಲ್ಲಿಸಿ ಕಾಯುತ್ತದೆ, ಮತ್ತೆ ಬಿಳಿ ಪರದೆ. ‘ಡಿಫರ್’ ಸೇರಿಸಿದರೆ ಪುಟ ಮೂಡುತ್ತದೆ, ಆದರೆ ಡಾಮ್, ಅಂದರೆ ಬ್ರೌಸರ್ ಪುಟವನ್ನು ಓದಿ ಕಟ್ಟಿಕೊಳ್ಳುವ ರಚನೆ, ಸಿದ್ಧವಾಯಿತೆಂದು ಸಾರುವ ಘಟನೆ ಆ ಸ್ಕ್ರಿಪ್ಟ್‌ಗಾಗಿ ಕಾಯುತ್ತದೆ. ‘ಅಸಿಂಕ್’ ಸೇರಿಸಿದರೆ ಆ ಘಟನೆಯೂ ಕಾಯುವುದಿಲ್ಲ, ಪುಟ ಪೂರ್ತಿ ತುಂಬಿತೆಂಬ ಲೋಡ್ ಘಟನೆ ಮಾತ್ರ ಕಾಯುತ್ತದೆ.

ನನ್ನ ಪುಟದ ದರ ಸೋಸುವ ಸ್ಕ್ರಿಪ್ಟ್ ‘ಡಿಫರ್’ ಆಗಿತ್ತು. ಅದಕ್ಕೆ 5 ಸೆಕೆಂಡಿನ ತಡ ಹಾಕಿದಾಗ ಎಫ್‌ಸಿಪಿ, ಎಲ್‌ಸಿಪಿ, ಸಿಎಲ್‌ಎಸ್ ಒಂದೂ ಕದಲಲಿಲ್ಲ. ದರಪಟ್ಟಿ ಕಂಡಿತು, ‘ಡಬ್ಬಿ’ ಮತ್ತು ‘ಕಡ್ಡಿ’ ಎಂಬ ಗುಂಡಿಗಳೂ ಕಂಡವು, ಒತ್ತಿದರೆ ಮಾತ್ರ ಏನೂ ಆಗಲಿಲ್ಲ. ಸ್ಪಂದನವನ್ನು ಅಳೆಯುವ ಐಎನ್‌ಪಿ ಕೂಡ ಇದನ್ನು ಹಿಡಿಯಲಿಲ್ಲ, ಏಕೆಂದರೆ ಗುಂಡಿಗೆ ಯಾವ ಕೆಲಸವನ್ನೂ ಇನ್ನೂ ಅಂಟಿಸಿರದಿದ್ದಾಗ ಬ್ರೌಸರಿನ ಲೆಕ್ಕದಲ್ಲಿ ಆ ಒತ್ತುವಿಕೆ ಬಹು ಬೇಗ ಮುಗಿದುಹೋಗುತ್ತದೆ. ಎಲ್ಲ ಅಂಕಿಗಳೂ ಹಸಿರಾಗಿರುವಾಗ ಎದುರಿಗೆ ಕುಳಿತವರು ಸತ್ತ ಗುಂಡಿಯನ್ನು ಮೂರು ಸಲ ಒತ್ತಿ ಫೋನ್ ಕೆಳಗಿಡುತ್ತಾರೆ. ಕಂಡದ್ದನ್ನೂ ಬರೆದಿಡಿ ಎಂದು ಮೇಲೆ ಹೇಳಿದ್ದು ಇದಕ್ಕಾಗಿ. ಪರಿಹಾರವಾಗಿ ನಾನು ಗುಂಡಿಗಳನ್ನು ಸಾಮಾನ್ಯ ಕೊಂಡಿಗಳನ್ನಾಗಿ ಮಾಡಿ, ಸ್ಕ್ರಿಪ್ಟ್ ಬರುವ ಮೊದಲು ಒತ್ತಿದರೂ ಪಟ್ಟಿಯ ಆ ಭಾಗಕ್ಕೆ ಜಿಗಿಯುವಂತೆ ಬರೆದೆ.

ಸ್ಟೈಲ್‌ಶೀಟ್ ಮತ್ತು ಸ್ಕ್ರಿಪ್ಟ್ ಸೇರಿದಾಗ ಇನ್ನೊಂದು ಸೂಕ್ಷ್ಮವಿದೆ. ತಲೆಭಾಗದಲ್ಲಿ ಸ್ಟೈಲ್‌ಶೀಟ್‌ನ ಕೆಳಗೆ ಪುಟದೊಳಗೇ ಬರೆದ ನಾಲ್ಕು ಸಾಲಿನ ಸ್ಕ್ರಿಪ್ಟ್ ಇದ್ದರೆ, ಅದು ಯಾವ ಫೈಲನ್ನೂ ಕೇಳದಿದ್ದರೂ ಮೇಲಿನ ಸ್ಟೈಲ್‌ಶೀಟ್ ಬರುವ ತನಕ ಓಡುವುದಿಲ್ಲ, ಅದು ಓಡದೆ ಪುಟದ ಓದೂ ಮುಂದೆ ಸಾಗುವುದಿಲ್ಲ. ಸ್ಕ್ರಿಪ್ಟ್ ಯಾವುದೋ ಬಣ್ಣವನ್ನೋ ಅಗಲವನ್ನೋ ಕೇಳಬಹುದೆಂಬ ಮುಂಜಾಗ್ರತೆಯಿಂದ ಬ್ರೌಸರ್ ಹೀಗೆ ಮಾಡುತ್ತದೆ. ಆ ನಾಲ್ಕು ಸಾಲನ್ನು ಸ್ಟೈಲ್‌ಶೀಟ್‌ನ ಮೇಲಕ್ಕೆ ಸರಿಸಿ ಮತ್ತೆ ಅಳೆದು ನೋಡಿ.

ಕನ್ನಡ ಪುಟಗಳಲ್ಲಿ ಫಾಂಟ್‌ನ ಪರೀಕ್ಷೆಗೆ ಹೆಚ್ಚು ಸಮಯ ಕೊಡಬೇಕು. ಮೊದಲನೆಯ ಕಾರಣ, ಫಾಂಟ್ ಸರಪಳಿಯ ಕೊನೆಯ ಕೊಂಡಿ: ಪುಟ ಬಂದು, ಅದರಿಂದ ಸ್ಟೈಲ್‌ಶೀಟ್ ತಿಳಿದು, ಸ್ಟೈಲ್‌ಶೀಟ್ ಬಂದ ಮೇಲಷ್ಟೇ ಫಾಂಟ್ ಬೇಕೆಂಬುದು ಬ್ರೌಸರ್‌ಗೆ ಗೊತ್ತಾಗುತ್ತದೆ. ಅಷ್ಟರ ಮೇಲೆ ಫಾಂಟ್‌ಗೆ 5 ಸೆಕೆಂಡಿನ ತಡ ಹಾಕಿದರೆ, ಏನನ್ನೂ ಹೇಳದೆ ಬಿಟ್ಟ ಪುಟದಲ್ಲಿ ಸುಮಾರು 3 ಸೆಕೆಂಡು ಅಕ್ಷರಗಳ ಜಾಗ ಖಾಲಿಯಾಗಿದ್ದು, ಆಮೇಲೆ ಯಂತ್ರದಲ್ಲಿರುವ ಫಾಂಟ್‌ನಲ್ಲಿ ಅಕ್ಷರ ಮೂಡಿ, ಕೊನೆಗೆ ನಿಮ್ಮ ಫಾಂಟ್‌ಗೆ ಬದಲಾಗುತ್ತದೆ. ಫಾಂಟ್ ಡಿಸ್‌ಪ್ಲೇ ಎಂಬ ಗುಣಕ್ಕೆ ‘ಸ್ವಾಪ್’ ಎಂದು ಕೊಟ್ಟರೆ ಖಾಲಿ ಜಾಗದ ಹೊತ್ತು ಹೋಗುತ್ತದೆ, ಬದಲಾವಣೆಯ ಕುಪ್ಪಳ ಉಳಿಯುತ್ತದೆ. ‘ಆಪ್ಷನಲ್’ ಎಂದು ಕೊಟ್ಟರೆ ತಡವಾಗಿ ಬಂದ ಫಾಂಟ್‌ಗೆ ಆ ಭೇಟಿಯಲ್ಲಿ ಪ್ರವೇಶವೇ ಇಲ್ಲ. ದರಪಟ್ಟಿಯಂಥ ಪುಟಕ್ಕೆ ಮೂರನೆಯದೇ ಸರಿ ಎಂಬುದು ನನ್ನ ಅಭಿಪ್ರಾಯ. ಮೆಣಸಿನಕಾಯಿ ದರ ನೋಡಲು ಬಂದವರು ಅಕ್ಷರದ ಚೆಲುವಿಗಾಗಿ ಕಾಯುವುದಿಲ್ಲ.

ಕುಪ್ಪಳದ ವಿಷಯವನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ವಿಂಡೋಸ್‌ನಲ್ಲಿ ಕನ್ನಡವು ನಿರ್ಮಲಾ ಯುಐ ಫಾಂಟ್‌ನಲ್ಲಿಯೂ, ಆಂಡ್ರಾಯ್ಡ್ ಫೋನ್‌ಗಳಲ್ಲಿ ಸಾಮಾನ್ಯವಾಗಿ ನೋಟೋ ಕುಟುಂಬದ ಫಾಂಟ್‌ನಲ್ಲಿಯೂ ಮೂಡುತ್ತದೆ, ಅಕ್ಷರದ ಅಗಲವೂ ಒತ್ತಕ್ಷರ ಇಳಿಯುವ ಆಳವೂ ಒಂದರಿಂದ ಒಂದಕ್ಕೆ ಬೇರೆ. ನನ್ನ ಪಟ್ಟಿಯ ಕಿರಿದಾದ ಕಾಲಮ್‌ನಲ್ಲಿದ್ದ ‘ಕ್ವಿಂಟಲ್‌ಗೆ ರೂಪಾಯಿ’ ಎಂಬ ಮಾತು ಯಂತ್ರದ ಫಾಂಟ್‌ನಲ್ಲಿ ಒಂದೇ ಸಾಲಿನಲ್ಲಿ ಕುಳಿತು, ನನ್ನ ಫಾಂಟ್ ಬಂದ ಕೂಡಲೇ ಎರಡು ಸಾಲಾಗುತ್ತಿತ್ತು. ಪ್ರತಿ ಅಡ್ಡಸಾಲೂ ಎತ್ತರವಾಗಿ, ಓದುತ್ತಿದ್ದ ದರ ಬೆರಳಿನ ಕೆಳಗಿನಿಂದ ಜಾರಿ ಇನ್ನೊಂದು ದರ ಅಲ್ಲಿ ಬಂದು ನಿಲ್ಲುತ್ತಿತ್ತು. ಮಾರುಕಟ್ಟೆಯಲ್ಲಿ ಇದು ಸಣ್ಣ ತಪ್ಪಲ್ಲ. ಕಾಲಮ್‌ಗೆ ನಿಗದಿತ ಅಗಲ, ಸಾಲಿಗೆ ಒತ್ತಕ್ಷರಕ್ಕೂ ಸಾಲುವಷ್ಟು ನಿಗದಿತ ಎತ್ತರ ಕೊಟ್ಟಾಗ ಜಾರುವುದು ನಿಂತಿತು.

ಫಾಂಟನ್ನು ಹಗುರ ಮಾಡಲು ಅನೇಕರು ಬೇಡದ ಅಕ್ಷರಗಳನ್ನು ಕಿತ್ತು ಸಣ್ಣ ಫೈಲ್ ಮಾಡುತ್ತಾರೆ. ಒಳ್ಳೆಯದೇ, ಆದರೆ ಅಕ್ಷರಗಳನ್ನು ಕೂಡಿಸುವ ನಿಯಮಗಳ ಪಟ್ಟಿಯನ್ನೂ ಕಿತ್ತರೆ ‘ಕ್ವಿಂಟಲ್’ ಎಂಬುದು ‘ಕ್‌ವಿಂಟಲ್’ ಎಂದು ಬಿಡಿಬಿಡಿಯಾಗಿ ಕಾಣುತ್ತದೆ. ಫಾಂಟನ್ನು ಮುಂಚಿತವಾಗಿ ತರಿಸಲು ‘ಪ್ರೀಲೋಡ್’ ಬಳಸುವವರು ಎರಡನ್ನು ನೋಡಿಕೊಳ್ಳಬೇಕು: ಫಾಂಟ್ ನಿಮ್ಮದೇ ಸರ್ವರಿನಲ್ಲಿದ್ದರೂ ‘ಕ್ರಾಸ್ಒರಿಜಿನ್’ ಎಂಬ ವಿಶೇಷಣ ಬೇಕು, ಮತ್ತು ಪರೀಕ್ಷೆಗೆಂದು ಸ್ಟೈಲ್‌ಶೀಟ್‌ನಲ್ಲಿ ತಡದ ಸಂಖ್ಯೆ ಸೇರಿಸಿದ್ದರೆ ಪ್ರೀಲೋಡ್‌ನ ವಿಳಾಸದಲ್ಲೂ ಅಕ್ಷರಶಃ ಅದೇ ಇರಬೇಕು. ಇಲ್ಲವಾದರೆ ಒಂದೇ ಫಾಂಟ್ ಎರಡು ಸಲ ಇಳಿಯುತ್ತದೆ.

ಚಿತ್ರದ ತಡ ಎಫ್‌ಸಿಪಿಯನ್ನು ಮುಟ್ಟುವುದಿಲ್ಲ, ಎಲ್‌ಸಿಪಿಯನ್ನು ಎಳೆಯುತ್ತದೆ. ಅದಕ್ಕಿಂತ ಕುತೂಹಲದ್ದು ಸಿಎಲ್‌ಎಸ್. ಅಗಲ ಮತ್ತು ಎತ್ತರ ಬರೆಯದ ಚಿತ್ರ ನಿಮ್ಮ ಯಂತ್ರದಲ್ಲಿ ಪುಟದ ಮೊದಲ ಚಿತ್ರಣದ ಜೊತೆಗೇ ಬಂದುಬಿಡುವುದರಿಂದ ಜಾರಲು ಅಲ್ಲಿ ಇನ್ನೂ ಏನೂ ಇರುವುದಿಲ್ಲ, ಅಂಕಿ ಸೊನ್ನೆ ಬರುತ್ತದೆ. 2 ಸೆಕೆಂಡಿನ ತಡ ಹಾಕಿ ನೋಡಿ: ದರಪಟ್ಟಿ ಮೊದಲು ಮೇಲೆ ಕುಳಿತಿರುತ್ತದೆ, ಚಿತ್ರ ಬಂದಾಗ ಪರದೆಯಾಚೆಗೆ ತಳ್ಳಲ್ಪಡುತ್ತದೆ. ಇದ್ದ ತಪ್ಪನ್ನೇ ತಡ ಬೆಳಕಿಗೆ ತಂದಿತಷ್ಟೆ. ಪರೀಕ್ಷಿಸುವಾಗ ಪರದೆಯನ್ನು ಒತ್ತದೆ ಸುಮ್ಮನೆ ನೋಡಿ, ಏಕೆಂದರೆ ಒತ್ತಿದ 500 ಮಿಲಿಸೆಕೆಂಡಿನೊಳಗೆ ಆಗುವ ಜಾರುವಿಕೆಯನ್ನು ಸಿಎಲ್‌ಎಸ್ ಲೆಕ್ಕದಿಂದ ಬಿಟ್ಟುಬಿಡುತ್ತದೆ. ಮೊದಲ ಪರದೆಯ ದೊಡ್ಡ ಚಿತ್ರಕ್ಕೆ ‘ಲೇಜಿ’, ಅಂದರೆ ಬೇಕಾದಾಗ ಮಾತ್ರ ತರಿಸು, ಎಂದು ಬರೆದಿದ್ದರೆ ಅದನ್ನು ಈಗಲೇ ತೆಗೆಯಿರಿ.

ತಡೆದದ್ದು ಬೇರೆ, ತಡವಾದದ್ದು ಬೇರೆ

ಬ್ಯಾಡಗಿಯ ಬಿಳಿ ಪರದೆಯ ಕಾರಣ ಹುಡುಕುವಾಗ ನಾನು ಮಾಡಿದ ತಪ್ಪನ್ನು ಹೇಳಬೇಕು. ಡೆವ್‌ಟೂಲ್ಸ್‌ನಲ್ಲಿ ಯಾವುದೇ ಬೇಡಿಕೆಯನ್ನು ತಡೆಯುವ ಸೌಲಭ್ಯವಿದೆ. ಚಿತ್ರ, ನಕ್ಷೆ, ಚಾಟ್ ಪೆಟ್ಟಿಗೆ ಒಂದೊಂದನ್ನೂ ತಡೆದು ಪುಟ ತೆರೆದೆ. ಪ್ರತಿ ಸಲವೂ ದರಪಟ್ಟಿ ಥಟ್ಟನೆ ಕಂಡಿತು. ಇವು ಯಾವುವೂ ಕಾರಣವಲ್ಲ ಎಂದು ತೀರ್ಮಾನಿಸಿ ಎರಡು ದಿನ ಹೋಸ್ಟಿಂಗ್ ಬದಲಿಸುವ ಯೋಚನೆಯಲ್ಲಿ ಕಳೆದೆ.

ತಡೆದ ಫೈಲ್‌ಗೆ ‘ಸಿಗುವುದಿಲ್ಲ’ ಎಂಬ ಉತ್ತರ ತಕ್ಷಣ ಸಿಗುತ್ತದೆ, ಬ್ರೌಸರ್ ಅದನ್ನು ಬಿಟ್ಟು ಮುಂದೆ ಸಾಗುತ್ತದೆ. ತಡವಾದ ಫೈಲ್ ಯಾವ ಉತ್ತರವನ್ನೂ ಕೊಡುವುದಿಲ್ಲ, ಬ್ರೌಸರ್ ನಿಂತು ಕಾಯುತ್ತದೆ. ಬರುವುದಿಲ್ಲ ಎಂದವನನ್ನು ಬಿಟ್ಟು ಬಂಡಿ ಹೊರಡಬಹುದು; ಬಂದೆ, ಬಂದೆ ಎನ್ನುವವನಿಗಾಗಿ ಊರಿಗೆ ಊರೇ ನಿಲ್ಲಬೇಕು. ಚಾಟ್ ಪೆಟ್ಟಿಗೆಯ ಸ್ಕ್ರಿಪ್ಟ್‌ನ ಪ್ರತಿಯನ್ನು ನನ್ನ ತಡದ ಸರ್ವರಿನಲ್ಲಿಟ್ಟು 10 ಸೆಕೆಂಡು ತಡಮಾಡಿದಾಗ ಪುಟ 10 ಸೆಕೆಂಡು ಬೆಳ್ಳಗಿತ್ತು. ಅದನ್ನು ಒದಗಿಸುವ ಕಂಪನಿ ಕೊಟ್ಟ ಸಾಲನ್ನು ನಾನು ತಲೆಭಾಗದಲ್ಲಿ ಹಾಗೆಯೇ ಅಂಟಿಸಿದ್ದೆ, ‘ಅಸಿಂಕ್’ ಇರಲಿಲ್ಲ. ದಿನಕ್ಕೆ ಒಬ್ಬರೂ ಬಳಸದ ಪೆಟ್ಟಿಗೆಗಾಗಿ ದರಪಟ್ಟಿ ಕಾಯುತ್ತಿತ್ತು; ಮೂಗಿಗಿಂತ ಮೂಗುತಿ ಭಾರ ಎಂಬಂತೆ.

ಹೊರಗಿನ ಸರ್ವರ್ ಪೂರ್ತಿ ಮೌನವಾದರೆ ಏನಾಗುತ್ತದೆ ಎಂಬುದನ್ನೂ ನೋಡಬೇಕು. ಯಾವ ಹೆಸರಿನ ತಾಣ ಯಾವ ವಿಳಾಸದಲ್ಲಿದೆ ಎಂದು ಯಂತ್ರಕ್ಕೆ ಹೇಳುವ ಹೋಸ್ಟ್ಸ್ ಫೈಲ್‌ನಲ್ಲಿ 192.0.2.1 ಎಂಬ ವಿಳಾಸವನ್ನೂ ಅದರ ನಂತರ ಆ ಸರ್ವರಿನ ಡೊಮೇನ್ ಹೆಸರನ್ನೂ ಬರೆಯಿರಿ. ಈ ಸಾಲಿನ ವಿಳಾಸಗಳನ್ನು ದಾಖಲೆಗಳಲ್ಲಿ ಉದಾಹರಣೆ ಕೊಡಲೆಂದೇ ಕಾಯ್ದಿರಿಸಿರುವುದರಿಂದ ಆ ಕಡೆಯಿಂದ ಉತ್ತರಿಸುವವರಿರುವುದಿಲ್ಲ. ಅಭ್ಯಾಸಬಲದಿಂದ 127.0.0.1 ಬರೆದರೆ ನಿಮ್ಮ ಯಂತ್ರವೇ ತಕ್ಷಣ ನಿರಾಕರಿಸಿಬಿಡುತ್ತದೆ, ಮತ್ತೆ ತಡೆದ ಪರೀಕ್ಷೆಯೇ ಆಗುತ್ತದೆ. ವೆಬ್‌ಪೇಜ್‌ಟೆಸ್ಟ್ ಎಂಬ ತಾಣದಲ್ಲಿ ಇದೇ ಪರೀಕ್ಷೆಯನ್ನು ಎಸ್‌ಪಿಒಎಫ್ (ಒಂದೇ ಕೊಂಡಿ ಕೆಟ್ಟರೆ ಎಲ್ಲವೂ ನಿಲ್ಲುವ ಜಾಗ) ಎಂಬ ಹೆಸರಿನಲ್ಲಿ ಸಿದ್ಧವಾಗಿ ಕೊಟ್ಟಿದ್ದಾರೆ. ಹೋಸ್ಟ್ಸ್ ಫೈಲ್ ಮುಟ್ಟಲು ಇಷ್ಟವಿಲ್ಲದವರಿಗೆ ಬ್ರೌಸರನ್ನು ಕೋಡ್‌ನಿಂದ ನಡೆಸುವ ಪ್ಲೇರೈಟ್ ಎಂಬ ಉಪಕರಣವಿದೆ: ಅದರ ‘ರೂಟ್’ ಸೌಲಭ್ಯದಿಂದ ಯಾವ ಹೊರಗಿನ ಫೈಲನ್ನಾದರೂ ಮಧ್ಯದಲ್ಲಿ ಹಿಡಿದು, ಬೇಕಾದಷ್ಟು ಹೊತ್ತು ಇಟ್ಟುಕೊಂಡು ಬಿಡಬಹುದು. ಪುಟದಲ್ಲಿ ಮೂವತ್ತು ಫೈಲ್‌ಗಳಿದ್ದು ಒಂದೊಂದಕ್ಕೂ ಐದೈದು ಓಟ ಓಡಿಸಬೇಕಾದಾಗ ಕೈಯಿಂದ ಮಾಡುವುದು ಹುಚ್ಚುತನ, ಇದೇ ದಾರಿ.

ಬಿಡುವನ್ನು ಅಳೆಯುವುದು

ಒಂದೇ ತಡವನ್ನು ಹಾಕಿ ನಿಲ್ಲಿಸಬೇಡಿ. ಅರ್ಧ ಸೆಕೆಂಡು, 1, 3 ಹೀಗೆ ಏರಿಸುತ್ತ ಹೋಗಿ, ಪ್ರತಿ ತಡಕ್ಕೂ ಎಲ್‌ಸಿಪಿ ಎಷ್ಟು ಸರಿಯಿತು ಎಂದು ಬರೆಯಿರಿ. ಉದಾಹರಣೆಗೆ ತಡವಿಲ್ಲದಾಗ ಎಲ್‌ಸಿಪಿ 1.8 ಸೆಕೆಂಡು ಎಂದು ಇಟ್ಟುಕೊಳ್ಳೋಣ. ಸ್ಟೈಲ್‌ಶೀಟ್‌ಗೆ 1 ಸೆಕೆಂಡು ತಡ ಹಾಕಿದರೆ 2.8, 3 ಹಾಕಿದರೆ 4.8 ಬಂದರೆ, ಅದಕ್ಕೆ ಬಿಡುವೇ ಇಲ್ಲ, ಅಂದರೆ ಪುಟವನ್ನು ಕಾಯಿಸದೆ ತಾನು ತಡವಾಗಬಲ್ಲಷ್ಟು ಸಮಯವೇ ಇಲ್ಲ. ಅದರ ಪ್ರತಿ ಕ್ಷಣವೂ ನೋಡುವವರ ತಲೆಯ ಮೇಲೆ ಬೀಳುತ್ತದೆ. ನಕ್ಷೆಗೆ 3 ಸೆಕೆಂಡು ಹಾಕಿದರೂ 1.8 ಉಳಿದರೆ ಅದು ದಾರಿಯಲ್ಲೇ ಇಲ್ಲ. ಚಿತ್ರಕ್ಕೆ ಅರ್ಧ ಸೆಕೆಂಡು ಹಾಕಿದಾಗ 1.8, 1 ಸೆಕೆಂಡು ಹಾಕಿದಾಗ 2.2, 3 ಹಾಕಿದಾಗ 4.2 ಬಂದಿತೆನ್ನಿ. ಆಗ ಚಿತ್ರಕ್ಕೆ 0.6 ಸೆಕೆಂಡಿನ ಬಿಡುವಿದೆ: ಅದು 1.2ಕ್ಕೇ ಬಂದು ಸ್ಟೈಲ್‌ಶೀಟ್‌ಗಾಗಿ ಕಾಯುತ್ತ ಕುಳಿತಿದೆ.

ಈ ಸಂಖ್ಯೆ ಸಿಕ್ಕ ಮೇಲೆ ಕೆಲಸದ ಸರತಿ ತಾನಾಗಿ ಗೊತ್ತಾಗುತ್ತದೆ. ಬಿಡುವಿರುವ ಚಿತ್ರವನ್ನು ಎಷ್ಟು ಕುಗ್ಗಿಸಿದರೂ ಎಲ್‌ಸಿಪಿ ಒಂದಿಷ್ಟೂ ಇಳಿಯುವುದಿಲ್ಲ. ಚಿತ್ರ ಕುಗ್ಗಿಸುವುದು ಸುಲಭವೆಂದು ಎಲ್ಲರೂ ಅಲ್ಲಿಂದಲೇ ಆರಂಭಿಸಿ, ಫಲ ಕಾಣದೆ ಬೇಸರಪಡುವುದನ್ನು ನಾನು ನೋಡಿದ್ದೇನೆ. ಮೊದಲು ಸ್ಟೈಲ್‌ಶೀಟ್ ಸರಿಪಡಿಸಿ. ಅದು ಸರಿಯಾದ ಕೂಡಲೇ ಚಿತ್ರದ ಬಿಡುವು ಕರಗುತ್ತದೆ, ಆದ್ದರಿಂದ ಪ್ರತಿ ದುರಸ್ತಿಯ ನಂತರ ಪಟ್ಟಿಯನ್ನು ಹೊಸದಾಗಿ ಅಳೆಯಲೇಬೇಕು.

ನಿಜವಾದ ದಾರಿಯಲ್ಲಿ ಎಷ್ಟು ತಡ

ಪರೀಕ್ಷೆಗೆ 3 ಸೆಕೆಂಡು, 10 ಸೆಕೆಂಡು ಎಂದು ಹಾಕುವುದು ದೋಷ ಕಾಣಲೆಂದು. ವಾಸ್ತವದಲ್ಲಿ ಎಷ್ಟು ತಡವಾಗಬಹುದೆಂಬ ಅಂದಾಜಿಗೆ ಸ್ವಲ್ಪ ಲೆಕ್ಕ ಸಾಕು. ಲೈಟ್‌ಹೌಸ್ ಎಂಬ ಉಪಕರಣ ಮೊಬೈಲ್ ಪರೀಕ್ಷೆಗೆ ಸೆಕೆಂಡಿಗೆ 1.6 ಮೆಗಾಬಿಟ್ ವೇಗ, ಹೋಗಿಬರಲು 150 ಮಿಲಿಸೆಕೆಂಡು, ನಾಲ್ಕು ಪಟ್ಟು ನಿಧಾನದ ಪ್ರೊಸೆಸರ್ ಎಂದು ಇಟ್ಟುಕೊಳ್ಳುತ್ತದೆ. 1.6 ಮೆಗಾಬಿಟ್ ಎಂದರೆ ಸೆಕೆಂಡಿಗೆ 200 ಕಿಲೋಬೈಟ್. 900 ಕಿಲೋಬೈಟಿನ ಮೆಣಸಿನಕಾಯಿ ಚಿತ್ರಕ್ಕೆ ದಾರಿ ಪೂರ್ತಿ ಖಾಲಿಯಿದ್ದರೂ ನಾಲ್ಕೂವರೆ ಸೆಕೆಂಡು ಬೇಕು. ಹೊಸದೊಂದು ಡೊಮೇನ್‌ನಿಂದ ಫೈಲ್ ತರಿಸುವುದಾದರೆ ಹೆಸರು ಹುಡುಕಲು ಒಂದು, ಸಂಪರ್ಕಕ್ಕೆ ಒಂದು, ಟಿಎಲ್‌ಎಸ್ 1.3ರ ಗೂಢಲಿಪಿ ಒಪ್ಪಂದಕ್ಕೆ ಒಂದು, ಬೇಡಿಕೆಗೆ ಒಂದು ಎಂದು ಸಾಮಾನ್ಯವಾಗಿ ನಾಲ್ಕು ಸಲ ಹೋಗಿಬರಬೇಕು, ಅಂದರೆ ಮೊದಲ ಬೈಟ್‌ಗೇ 600 ಮಿಲಿಸೆಕೆಂಡು. ಗೂಗಲ್ ಫಾಂಟ್ಸ್ ಬಳಸಿದರೆ ಸ್ಟೈಲ್‌ಶೀಟ್ ಒಂದು ಡೊಮೇನ್‌ನಿಂದ, ಫಾಂಟ್ ಇನ್ನೊಂದರಿಂದ ಬರುತ್ತದೆ, ಲೆಕ್ಕ ನೀವೇ ಹಾಕಿ.

ಡೆವ್‌ಟೂಲ್ಸ್‌ನ ಥ್ರಾಟ್ಲಿಂಗ್, ಅಂದರೆ ವೇಗ ಇಳಿಸುವ ಸೌಲಭ್ಯ, ಪ್ರತಿ ಬೇಡಿಕೆಗೆ ತಡ ಸೇರಿಸುತ್ತದೆಯೇ ಹೊರತು ಜಾಲದಲ್ಲಿ ಓಡುವ ಪ್ಯಾಕೆಟ್‌ಗಳೆಂಬ ತುಣುಕುಗಳ ಮಟ್ಟಕ್ಕೆ ಇಳಿಯುವುದಿಲ್ಲ, ಹೀಗಾಗಿ ಮೇಲಿನ ಓಡಾಟದ ಲೆಕ್ಕ ಅದರಲ್ಲಿ ಸರಿಯಾಗಿ ಕಾಣದು. ಲಿನಕ್ಸ್ ಬಳಸುವವರು ನೆಟೆಮ್ ಎಂಬ ಸೌಲಭ್ಯದಿಂದಲೂ, ಮ್ಯಾಕ್ ಬಳಸುವವರು ನೆಟ್‌ವರ್ಕ್ ಲಿಂಕ್ ಕಂಡಿಷನರ್‌ನಿಂದಲೂ ಪ್ಯಾಕೆಟ್‌ಗಳನ್ನೇ ತಡಮಾಡಬಹುದು. ಲೈಟ್‌ಹೌಸ್ ಕೂಡ ರೂಢಿಯಲ್ಲಿ ಪುಟವನ್ನು ಪೂರ್ಣ ವೇಗದಲ್ಲಿ ತೆರೆದು, ನಿಧಾನದ ಅಂಕಿಯನ್ನು ಲೆಕ್ಕದಿಂದ ಊಹಿಸುತ್ತದೆ. ಬೇಕೆಂದೇ ತಡ ಹಾಕಿದ ಪುಟಕ್ಕೆ ಆ ಊಹೆಯನ್ನು ನೆಚ್ಚದೆ, ಸೆಟ್ಟಿಂಗ್ಸ್‌ನಲ್ಲಿ ಡೆವ್‌ಟೂಲ್ಸ್ ಥ್ರಾಟ್ಲಿಂಗ್ ಆರಿಸಿಕೊಳ್ಳಿ.

ಫೋನ್‌ನಲ್ಲಿ ನೋಡದೆ ಪರೀಕ್ಷೆ ಮುಗಿಯುವುದಿಲ್ಲ. ಆಂಡ್ರಾಯ್ಡ್ ಫೋನ್‌ನಲ್ಲಿ ಯುಎಸ್‌ಬಿ ಡಿಬಗಿಂಗ್ ತೆರೆದು ಲ್ಯಾಪ್‌ಟಾಪ್‌ಗೆ ಜೋಡಿಸಿದರೆ ಕ್ರೋಮ್‌ನ ಇನ್‌ಸ್ಪೆಕ್ಟ್ ಪುಟದಿಂದ ಫೋನ್‌ನಲ್ಲಿ ತೆರೆದ ಪುಟದ ವಾಟರ್‌ಫಾಲ್ ಕಾಣುತ್ತದೆ, ಪೋರ್ಟ್ ಫಾರ್ವರ್ಡಿಂಗ್ ಮಾಡಿದರೆ ನಿಮ್ಮ ತಡದ ಸರ್ವರ್ ಕೂಡ ಫೋನ್‌ಗೆ ಎಟುಕುತ್ತದೆ. ಹುಬ್ಬಳ್ಳಿಯಿಂದ ಕುಂದಗೋಳ, ಯಲವಿಗಿ, ಹಾವೇರಿ ದಾಟಿ ಬ್ಯಾಡಗಿಗೆ ಹೋಗುವ ರೈಲಿನಲ್ಲಿ ಒಮ್ಮೆ ಹೀಗೆ ನೋಡಿದ್ದೇನೆ. ಸಿಗ್ನಲ್ ಹೋಗಿಬರುವ ಬಯಲಿನಲ್ಲಿ ಪುಟ ಹೇಗೆ ಒದ್ದಾಡುತ್ತದೆಂದು ಕಣ್ಣಾರೆ ಕಂಡರೂ, ಅದೇ ಸ್ಥಿತಿ ಎರಡನೆಯ ಸಲ ಸಿಗದ ಕಾರಣ ಅದನ್ನು ಅಳತೆ ಎನ್ನಲಾಗದು. ಬಂದುಹೋಗುವವರ ನೈಜ ಅನುಭವವನ್ನು ಕ್ರೋಮ್ 28 ದಿನಗಳ ಲೆಕ್ಕದಲ್ಲಿ ಕೂಡಿಡುತ್ತದೆ ಮತ್ತು ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ತೋರಿಸುತ್ತದೆ, ಆದರೆ ಸಣ್ಣ ಅಂಗಡಿಯ ತಾಣಕ್ಕೆ ಸಾಕಷ್ಟು ಭೇಟಿಗಳಿಲ್ಲದೆ ಆ ಜಾಗ ಹೆಚ್ಚಾಗಿ ಖಾಲಿಯಿರುತ್ತದೆ.

ತಡವನ್ನು ತೆಗೆಯುವುದು

ಚಾಟ್ ಪೆಟ್ಟಿಗೆಗೆ ‘ಅಸಿಂಕ್’ ಸೇರಿಸಿ, ಚಿತ್ರಕ್ಕೆ ಅಳತೆ ಬರೆದು, ಫಾಂಟನ್ನು ‘ಆಪ್ಷನಲ್’ ಮಾಡಿ ಪುಟವನ್ನು ಮತ್ತೆ ಏರಿಸಿದ ಸಂಜೆಯೇ ಬ್ಯಾಡಗಿಯಿಂದ ಇನ್ನೊಂದು ಕರೆ ಬಂತು. ದರ ಬೇಗ ಕಾಣುತ್ತಿದೆ, ಚಿತ್ರ ಮಾತ್ರ ಎಣಿಸಿದಂತೆ ಐದು ಸೆಕೆಂಡಿಗೆ ಬರುತ್ತಿದೆ ಎಂದರು. ತಡದ ಸಾಲುಗಳನ್ನು ನಾನು ತಾಣದ ಸರ್ವರ್ ಕೋಡ್‌ನೊಳಗೇ ಬರೆದಿದ್ದೆ, ಚಿತ್ರದ ವಿಳಾಸದ ಕೊನೆಯಲ್ಲಿ 5000 ಹಾಗೆಯೇ ಉಳಿದಿತ್ತು. ಅಂದಿನಿಂದ ತಡಮಾಡುವ ಸರ್ವರನ್ನು ಬೇರೆಯೇ ಫೋಲ್ಡರ್‌ನಲ್ಲಿಟ್ಟಿದ್ದೇನೆ, ಅದು ಲೋಕಲ್‌ಹೋಸ್ಟ್ (ನನ್ನದೇ ಯಂತ್ರ) ಅಲ್ಲದ ವಿಳಾಸದಲ್ಲಿ ಓಡಲು ನಿರಾಕರಿಸುತ್ತದೆ, ಮತ್ತು ಏರಿಸುವ ಮುನ್ನ ಎಲ್ಲ ಫೈಲ್‌ಗಳಲ್ಲಿ ‘ಡಿಲೇ’ ಎಂಬ ಪದವನ್ನು ಹುಡುಕಿ, ಒಂದೇ ಕಡೆ ಸಿಕ್ಕರೂ ಏರಿಸುವುದನ್ನು ನಿಲ್ಲಿಸುವ ಒಂದು ಸಾಲನ್ನು ಡಿಪ್ಲಾಯ್ ಸ್ಕ್ರಿಪ್ಟ್‌ನಲ್ಲಿ ಬರೆದಿಟ್ಟಿದ್ದೇನೆ.